ಸುಳಿವು ಸಿಕ್ಕರೆ ಹಾರುವ ಆಟದ ಬಾಣ

ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ಮಕ್ಕಳಿಗೆ ಎಸೆಯುವ ಸಾಧನಗಳು ಹೊಸವಲ್ಲ. ಜೋಳ ಹಾಲುಗಟ್ಟಿದಾಗ ಹೊಲದ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದುದನ್ನು ಹಿರಿಯರಿಂದ ಕೇಳಿದ್ದೇವೆ. ಕೈಮಗ್ಗದಲ್ಲಿ ಹಗ್ಗ ಜಗ್ಗಿದೊಡನೆ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುವುದನ್ನು ಕಣ್ಣಾರೆ ಕಂಡಿದ್ದೇವೆ. ಹಗ್ಗದಿಂದ ಲಾಳಿ ಓಡಿಸುವ ಈ ಉಪಾಯವನ್ನು 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬವನು ಬಳಕೆಗೆ ತಂದನು. ಕವಣೆಯಲ್ಲಾಗಲಿ, ಮಗ್ಗದಲ್ಲಾಗಲಿ ಎಸೆಯುವುದು ಕೈ. ಯಾವಾಗ ಎಸೆಯಬೇಕೆಂದು ಹೇಳುವುದು ಕಣ್ಣು. ಆ ಕಣ್ಣಿನ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಿದರೆ ಏನಾಗುತ್ತದೆ? ಇದನ್ನು ತಿಳಿಯಲೆಂದು ನಾವು ಒಂದು ಆಟಿಗೆಯನ್ನು ಮಾಡಿದೆವು. ಎದುರಿಗೆ ಯಾರಾದರೂ ಹಾದುಹೋದರೆ ಅದು ತಾನಾಗಿಯೇ ಸ್ಪಂಜಿನ ಬಾಣವನ್ನು ಹಾರಿಸುತ್ತದೆ. ಅದನ್ನು ಮಾಡುವ ಬಗೆಯನ್ನೂ ಅದರಿಂದ ಕಲಿತ ಪಾಠವನ್ನೂ ಇಲ್ಲಿ ವಿವರಿಸುತ್ತೇವೆ.

ಯಂತ್ರದ ಕಣ್ಣು

ಬಿಸಿಯಾದ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. ನಮ್ಮ ಮೈಯಿಂದ ಹೊರಡುವ ಕಿರಣಗಳ ಅಲೆಯುದ್ದ ಸುಮಾರು 10 ಮೈಕ್ರೋಮೀಟರು. ಇವನ್ನು ಗುರುತಿಸುವ ಸಾಧನಕ್ಕೆ ಪಿ.ಐ.ಆರ್. ಸಂವೇದಕ ಎಂದು ಹೆಸರು. ಅದರೊಳಗೆ ಪಕ್ಕಪಕ್ಕದಲ್ಲಿ ಎರಡು ಸಣ್ಣ ಹರಳುತುಂಡುಗಳಿರುತ್ತವೆ. ಮನುಷ್ಯನು ಅಡ್ಡ ಹಾದಾಗ ಅವನ ಮೈಶಾಖ ಮೊದಲು ಒಂದು ತುಂಡಿಗೂ ಆಮೇಲೆ ಇನ್ನೊಂದಕ್ಕೂ ತಗಲುತ್ತದೆ. ಎರಡರ ನಡುವೆ ಉಂಟಾದ ಈ ವ್ಯತ್ಯಾಸವೇ ವಿದ್ಯುತ್ ಸಂಕೇತವಾಗುತ್ತದೆ. ಅವನು ಅಲುಗದೆ ನಿಂತರೆ ವ್ಯತ್ಯಾಸವಿಲ್ಲ, ಸಂಕೇತವೂ ಇಲ್ಲ. ಸಂವೇದಕದ ಮೇಲಿನ ಬಿಳಿ ಗುಮ್ಮಟವು ಮಸೂರದ ಕೆಲಸ ಮಾಡುತ್ತದೆ. ದೀಪಸ್ತಂಭಗಳಿಗಾಗಿ ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ (1788–1827) ರೂಪಿಸಿದ ಪಟ್ಟಿಪಟ್ಟಿಯ ಮಸೂರದ ಜಾತಿಗೆ ಇದು ಸೇರಿದೆ.

ಬೇಕಾಗುವ ಸಾಮಾನುಗಳು

1. ಎಚ್.ಸಿ.-ಎಸ್.ಆರ್. 501 ಎಂಬ ಪಿ.ಐ.ಆರ್. ಸಂವೇದಕ.
2. ಬಿ.ಸಿ. 547 ಟ್ರಾನ್ಸಿಸ್ಟರು, 1 ಕಿಲೋ ಓಮ್ ರೋಧಕ, 1ಎನ್ 4007 ಡಯೋಡು.
3. 6 ವೋಲ್ಟಿನ ಸಣ್ಣ ರಿಲೇ.
4. ಮುರಿದ ಆಟದ ಕಾರಿನ ಮೋಟಾರು.
5. 1.5 ವೋಲ್ಟಿನ 6 ಸೆಲ್ಲುಗಳು, ಒಂದು ಸ್ವಿಚ್ಚು, ತಂತಿ.
6. ಹಲಗೆ, ಎರಡು ಮೊಳೆ, ರಬ್ಬರ್ ಬ್ಯಾಂಡ್, ದಪ್ಪ ದಾರ, ಕಾಗದ, ಸ್ಪಂಜು.

ಜೋಡಿಸುವ ಕ್ರಮ

ನಾಲ್ಕು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 6 ವೋಲ್ಟ್ ದೊರೆಯುತ್ತದೆ. ಇದರ ಧನಾಗ್ರ ಮತ್ತು ಋಣಾಗ್ರಗಳನ್ನು ಸಂವೇದಕಕ್ಕೆ ಕೊಡಬೇಕು. ಸುಳಿವು ಸಿಕ್ಕಾಗ ಸಂವೇದಕದ ನಡುಗಾಲಿನಲ್ಲಿ ಸುಮಾರು 3.3 ವೋಲ್ಟ್ ಬರುತ್ತದೆ. ಮೋಟಾರನ್ನು ತಿರುಗಿಸಲು ಈ ಬಲ ಸಾಲದು. ಆದುದರಿಂದ ಅದನ್ನು 1 ಕಿಲೋ ಓಮ್ ರೋಧಕದ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ ಕೊಡುತ್ತೇವೆ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್ ಎಂದು ತಿಳಿಯಬೇಕು. ಎಮಿಟರನ್ನು ಋಣಾಗ್ರಕ್ಕೂ ಕಲೆಕ್ಟರನ್ನು ರಿಲೇಯ ಸುರುಳಿಯ ಒಂದು ತುದಿಗೂ ಸೇರಿಸಿ, ಸುರುಳಿಯ ಇನ್ನೊಂದು ತುದಿಯನ್ನು ಧನಾಗ್ರಕ್ಕೆ ಕೊಡಬೇಕು.

ಸುರುಳಿಗೆ ಅಡ್ಡಲಾಗಿ ಡಯೋಡನ್ನು ಹಾಕಿ, ಅದರ ಬಿಳಿ ಪಟ್ಟಿಯ ತುದಿಯನ್ನು ಧನಾಗ್ರದ ಕಡೆಗೆ ಇಡುವುದನ್ನು ಮರೆಯಬಾರದು. ವಿದ್ಯುತ್ತು ನಿಂತ ಕ್ಷಣದಲ್ಲಿ ಸುರುಳಿಯು ಹಿಮ್ಮುಖವಾಗಿ ಹೆಚ್ಚಿನ ವೋಲ್ಟೇಜನ್ನು ಹುಟ್ಟಿಸುತ್ತದೆ. ಡಯೋಡು ಅದಕ್ಕೆ ದಾರಿ ಕೊಡದಿದ್ದರೆ ಟ್ರಾನ್ಸಿಸ್ಟರು ಸುಡುತ್ತದೆ.

ಉಳಿದ ಎರಡು ಸೆಲ್ಲುಗಳು ಮೋಟಾರಿಗೆ. ಅವುಗಳ ವಿದ್ಯುತ್ತು ಸ್ವಿಚ್ಚಿನ ಮೂಲಕವೂ ರಿಲೇಯ ತೆರೆದ ಸಂಪರ್ಕದ ಮೂಲಕವೂ ಹಾದು ಮೋಟಾರನ್ನು ಸೇರಬೇಕು. ಸಂವೇದಕದಲ್ಲಿ ಎರಡು ಸಣ್ಣ ತಿರುಪುಗಳಿವೆ. ಒಂದು ಎಷ್ಟು ದೂರದವರೆಗೆ ನೋಡಬೇಕೆಂಬುದಕ್ಕೆ, ಇನ್ನೊಂದು ಎಷ್ಟು ಹೊತ್ತು ಸಂಕೇತ ಕೊಡಬೇಕೆಂಬುದಕ್ಕೆ. ಎರಡನ್ನೂ ಕನಿಷ್ಠಕ್ಕೆ ಇಡಬೇಕು.

ಹಲಗೆಯ ಮುಂದಿನ ತುದಿಯಲ್ಲಿ ಎರಡು ಮೊಳೆ ಹೊಡೆದು ರಬ್ಬರ್ ಬ್ಯಾಂಡನ್ನು ಹಾಕಿ, ನಡುವೆ ಒಂದು ಮರದ ತುಂಡನ್ನು ಸೇರಿಸಿ ಹಿಂದಕ್ಕೆ ಜಗ್ಗಬೇಕು. ಹಲಗೆಯ ತೂತಿನಲ್ಲಿ ನುಣುಪಾದ ಕಡ್ಡಿಯೊಂದನ್ನು ನಿಲ್ಲಿಸಿದರೆ ಆ ತುಂಡು ಮುಂದಕ್ಕೆ ಹೋಗದೆ ನಿಲ್ಲುತ್ತದೆ. ಕಡ್ಡಿಗೆ ಸ್ವಲ್ಪ ಮೇಣ ಸವರಿ, ಅದರ ತಲೆಗೆ ಕಟ್ಟಿದ ದಾರವನ್ನು ಮೇಲ್ಗಡೆ ಬಿಗಿದ ಮೋಟಾರಿನ ಅಚ್ಚಿಗೆ ಕಟ್ಟಬೇಕು. ಮೋಟಾರು ತಿರುಗಿದಾಗ ದಾರ ಸುತ್ತಿಕೊಳ್ಳುತ್ತದೆ, ಕಡ್ಡಿ ಮೇಲೇಳುತ್ತದೆ, ಬಾಣ ಹಾರುತ್ತದೆ.

ಬಾಣವನ್ನು ಕಾಗದ ಸುತ್ತಿ ಮಾಡಿ, ತುದಿಗೆ ದೊಡ್ಡ ನೆಲ್ಲಿಕಾಯಿಯಷ್ಟು ಸ್ಪಂಜನ್ನು ಕಟ್ಟಬೇಕು. ಗುಂಡುಸೂಜಿ, ಮುಳ್ಳು, ಪೊರಕೆಕಡ್ಡಿಗಳನ್ನು ಎಂದಿಗೂ ಸೇರಿಸಬಾರದು.

ಬಾಣದ ವೇಗ

ರಬ್ಬರನ್ನು ಎರಡು ಪಟ್ಟು ಜಗ್ಗಿದರೆ ಅದರಲ್ಲಿ ಅಡಗುವ ಶಕ್ತಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಇಲ್ಲಿ ಅಂದಾಜು ಕೆಲಸಕ್ಕೆ ಬಾರದು, ಅಳೆದು ನೋಡಬೇಕು. ಹಲಗೆಯನ್ನು ನೆಲದಿಂದ 125 ಸೆಂ.ಮೀ. ಎತ್ತರದಲ್ಲಿ ಸಮತಲವಾಗಿ ಇಡಿರಿ. ಆ ಎತ್ತರದಿಂದ ನೆಲ ಮುಟ್ಟಲು ಸುಮಾರು ಅರ್ಧ ಸೆಕೆಂಡು ಬೇಕು. ಬಾಣವು 2 ಮೀಟರ್ ದೂರದಲ್ಲಿ ಬಿದ್ದರೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದಾಗ ಅದರ ವೇಗ ಸೆಕೆಂಡಿಗೆ 4 ಮೀಟರ್. ಇದಕ್ಕಿಂತ ಹೆಚ್ಚು ಆಟಕ್ಕೆ ಬೇಕಾಗಿಲ್ಲ. ಆಟವಾಡುವಾಗ ಹಲಗೆಯನ್ನು ನೆಲದ ಮೇಲೆಯೇ ಇಟ್ಟು, ಬಾಣ ಮೊಣಕಾಲಿನ ಕೆಳಗೆ ಹೋಗುವಂತೆ ನೋಡಿಕೊಳ್ಳಬೇಕು.

ಮೂರು ಪ್ರಯೋಗಗಳು

ಇವುಗಳನ್ನು ಬಾಣವಿಲ್ಲದೆ, ರಿಲೇಯ ‘ಟಿಕ್’ ಸದ್ದನ್ನು ಕೇಳಿಯೇ ಮಾಡಬಹುದು.

ಒಂದು: ಸಂವೇದಕದ ಎದುರು ಅಡ್ಡಲಾಗಿ ನಡೆಯಿರಿ, ಆಮೇಲೆ ನೇರವಾಗಿ ಅದರ ಕಡೆಗೇ ನಡೆಯಿರಿ. ಅಡ್ಡ ನಡೆದಾಗ ಅದು ಬೇಗನೆ ಗುರುತಿಸುತ್ತದೆ.

ಎರಡು: ನಡುವೆ ಕಿಟಕಿಯ ಗಾಜನ್ನು ಹಿಡಿಯಿರಿ. ನಮಗೆ ಎಲ್ಲವೂ ಕಾಣುತ್ತದೆ. ಸಂವೇದಕಕ್ಕೆ ಏನೂ ಕಾಣದು. ಮೈಶಾಖದ ಕಿರಣಗಳನ್ನು ಗಾಜು ತಡೆಯುತ್ತದೆ.

ಮೂರು: ಚಳಿಗಾಲದ ಬೆಳಿಗ್ಗೆಯೂ ಮೇ ತಿಂಗಳ ಮಧ್ಯಾಹ್ನವೂ ಪರೀಕ್ಷಿಸಿರಿ. ನಮ್ಮ ಸೀಮೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗೋಡೆಯೂ ಗಾಳಿಯೂ ಮನುಷ್ಯನ ಮೈಯಷ್ಟೇ ಬಿಸಿಯಾದಾಗ ಯಂತ್ರಕ್ಕೆ ಮನುಷ್ಯನು ಬೇರೆಯಾಗಿ ತೋರುವುದಿಲ್ಲ.

ಕಾವಲಿನ ಹೊಣೆ

ಈ ಪ್ರಯೋಗಗಳು ತೋರಿಸುವುದೇನು? ಯಂತ್ರಕ್ಕೆ ತಿಳಿಯುವುದು ಬಿಸಿಯಾದದ್ದೇನೋ ಅಲುಗಿತು ಎಂಬುದಷ್ಟೇ. ಬಂದವನು ಕಳ್ಳನೋ, ತಂಗಿಯೋ, ಮೇಕೆಮರಿಯೋ ಅದಕ್ಕೆ ತಿಳಿಯದು. ತೆವಳುವ ಕೂಸಿನ ಕಣ್ಣು ಬಾಣದ ಎತ್ತರದಲ್ಲಿಯೇ ಇರುತ್ತದೆ. ಆದುದರಿಂದ ಚಿಕ್ಕ ಮಕ್ಕಳಿರುವ ಕಡೆ ಇದನ್ನು ಹೂಡಲೇಬಾರದು. ಸಂವೇದಕಕ್ಕೆ ವಿದ್ಯುತ್ತು ಕೊಟ್ಟ ಮೊದಲ ಒಂದು ನಿಮಿಷ ಅದು ಸುಳ್ಳು ಸಂಕೇತ ಕೊಡಬಹುದು. ಅದು ಕಳೆದ ಮೇಲೆಯೇ, ಹಲಗೆಯ ಹಿಂದೆ ನಿಂತು, ಮೋಟಾರಿನ ಸ್ವಿಚ್ಚು ಹಾಕಬೇಕು. ಹಿರಿಯರೊಬ್ಬರು ಜೊತೆಗಿರಬೇಕು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ‘ಕಾರ್ಬೈಡ್ ಗನ್’ ಎಂಬ ಆಟಿಗೆಯಿಂದ ಅನೇಕ ಮಕ್ಕಳ ಕಣ್ಣಿಗೆ ಗಾಯವಾಗಿ ಕೆಲವರು ದೃಷ್ಟಿಯನ್ನೇ ಕಳೆದುಕೊಂಡರು. ಆಟಿಗೆ ಎಂಬ ಹೆಸರು ಯಾರ ಕಣ್ಣನ್ನೂ ಕಾಪಾಡುವುದಿಲ್ಲ.

ಈ ಮಾತು ನಮ್ಮ ಹೊಲಗಳಿಗೂ ಸಲ್ಲುತ್ತದೆ. ಮಕ್ತಲ, ಮಾಗನೂರು, ಕೃಷ್ಣಾ ಭಾಗದ ಹೊಲಗಳಿಗೆ ಚಿಗರಿಯ ಹಿಂಡುಗಳೂ ಕಾಡುಹಂದಿಗಳೂ ನುಗ್ಗಿ ಪೈರನ್ನು ಹಾಳುಮಾಡುತ್ತವೆ. ರೈತನ ನಷ್ಟ ಸಣ್ಣದಲ್ಲ. ಆದರೆ ಅವನ್ನು ತಡೆಯಲು ಬೇಲಿಯ ತಂತಿಗೆ ಮನೆಯ ಕರೆಂಟು ಹರಿಸಿದರೆ, ಆ ತಂತಿಗೂ ಬಂದವರು ಯಾರೆಂದು ತಿಳಿಯದು. ರಾತ್ರಿ ನೀರು ಕಟ್ಟಲು ಹೋದ ರೈತರೇ ಇಂಥ ತಂತಿ ತಗಲಿ ಸತ್ತದ್ದುಂಟು. ಇದು ಕಾನೂನಿಗೂ ವಿರುದ್ಧ. ಚಿಗರಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ.

ನಮ್ಮ ಆಟಿಗೆಯಲ್ಲಿ ಮೋಟಾರನ್ನು ತೆಗೆದು ಅದೇ ಸೆಲ್ಲಿಗೆ ಒಂದು ಗಂಟೆಯನ್ನೋ ದೀಪವನ್ನೋ ಜೋಡಿಸಿದರೆ ಅದು ಕಾವಲಿನ ಯಂತ್ರವಾಗುತ್ತದೆ. ಪ್ರಾಣಿಗಳು ಕೆಲವು ದಿನಗಳಲ್ಲಿ ಸದ್ದಿಗೆ ಒಗ್ಗಿಕೊಳ್ಳಬಹುದು. ಆಗಾಗ ಜಾಗವನ್ನೂ ಸದ್ದನ್ನೂ ಬದಲಿಸಬೇಕಾಗುತ್ತದೆ. ಆದರೂ ಗಂಟೆ ಬಾರಿಸಿದರೆ ರೈತನು ಎದ್ದು ಬಂದು ತನ್ನ ಕಣ್ಣಿನಿಂದ ನೋಡುತ್ತಾನೆ, ಆಮೇಲೆ ಏನು ಮಾಡಬೇಕೆಂದು ತೀರ್ಮಾನಿಸುತ್ತಾನೆ. ಯಂತ್ರವು ಸುಳಿವು ಕೊಡಲಿ. ತೀರ್ಮಾನ ಮನುಷ್ಯನಲ್ಲಿಯೇ ಇರಲಿ. ವಿದ್ಯಾರ್ಥಿಮಿತ್ರರು ಈ ಆಟಿಗೆಯನ್ನು ಮಾಡಿ ನೋಡಿ, ಬಾಣಕ್ಕಿಂತ ಗಂಟೆಯೇ ಹೆಚ್ಚು ಉಪಯೋಗಕ್ಕೆ ಬರುವುದನ್ನು ತಾವೇ ಕಂಡುಕೊಳ್ಳಲೆಂದು ಹಾರೈಸುತ್ತೇವೆ.