ಸಾಲವೂ ಹುಟ್ಟದ ಬಡತನಕ್ಕೆ ಎಷ್ಟು ಅಂಕ?

ಬಡತನ ರೇಖೆಗಿಂತ ಕೆಳಗಿರುವ ಗ್ರಾಮೀಣ ಕುಟುಂಬಗಳನ್ನು ಗುರುತಿಸಲು ಕೇಂದ್ರ ಸರ್ಕಾರ 2002ರಲ್ಲಿ ರೂಪಿಸಿದ ಗಣತಿಯ ನಮೂನೆ ಹಿಡಿದು ಮನೆಮನೆ ಅಲೆದ ಶಿಕ್ಷಕರಲ್ಲಿ ನಾನೂ ಒಬ್ಬ. ಜಮೀನು, ಮನೆ, ಬಟ್ಟೆ, ಊಟ, ಶೌಚಾಲಯ, ಸಾಲ, ವಲಸೆ ಮುಂತಾದ 13 ಮಾನದಂಡಗಳು, ಒಂದೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ, ಒಟ್ಟು 52. ಅಂಕ ಕಡಿಮೆಯಾದಷ್ಟೂ ಬಡತನ ಹೆಚ್ಚು.

ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಂಟಿ ವೃದ್ಧೆಯೊಬ್ಬರನ್ನು ಸಾಲದ ಬಗ್ಗೆ ಕೇಳಿದೆ. ‘ನನಗ ಸಾಲ ಯಾರು ಕೊಡ್ತಾರ್ರೀ ಮಾಸ್ತರ?’ ಎಂದು ನಕ್ಕರು. ದಿನದ ಗಂಜಿಗಾಗಿ ಕೈಸಾಲ ಮಾಡಿದವರಿಗೆ ಸೊನ್ನೆ ಅಂಕ. ಸಾಲ ಇಲ್ಲದವರಿಗೆ ಇದ್ದದ್ದು ಒಂದೇ ಆಯ್ಕೆ: ‘ಸಾಲವಿಲ್ಲ, ಆಸ್ತಿಯಿದೆ’. ಅದಕ್ಕೆ 4. ಸಾಲವೂ ಹುಟ್ಟದಷ್ಟು ಬಡವರಾದವರಿಗೆ ಅಲ್ಲಿ ಜಾಗವೇ ಇರಲಿಲ್ಲ. ನಾನು 4 ಎಂದು ಬರೆದೆ. ಆಶ್ರಯ ಯೋಜನೆಯಲ್ಲಿ ಸಿಕ್ಕ ಪಕ್ಕಾ ಮನೆಗೆ ಮತ್ತೆ 3. ಕೊನೆಗೆ ಎರಡೇ ಅಂಕಗಳ ಅಂತರದಲ್ಲಿ ಆಕೆಯ ಹೆಸರು ಪಟ್ಟಿಯಿಂದ ಹೊರಗುಳಿಯಿತು.

ದೋಷ ನಮೂನೆಯದು ಮಾತ್ರವಲ್ಲ. ಎಷ್ಟು ಜನ ಬಡವರೆಂದು ಒಪ್ಪಬಹುದೆಂಬ ಮಿತಿಯನ್ನು ಯೋಜನಾ ಆಯೋಗದ 1999-2000ರ ಅಂದಾಜಿನ ಆಧಾರದಲ್ಲಿ ಮೊದಲೇ ನಿಗದಿ ಮಾಡಲಾಗಿತ್ತು. ಎಣಿಕೆಗೆ ಮುನ್ನವೇ ಉತ್ತರ ಸಿದ್ಧವಿತ್ತು! ಅನೇಕ ಬಡವರು ಪಟ್ಟಿಗೆ ಸೇರಿಲ್ಲವೆಂದು ಎನ್.ಸಿ. ಸಕ್ಸೇನಾ ನೇತೃತ್ವದ ಸಮಿತಿ 2009ರಲ್ಲಿ ಎತ್ತಿ ತೋರಿತು. 2011ರಲ್ಲಿ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ ಆರಂಭವಾಯಿತು. ಆದರೆ ಬಡತನ ಮುಂದಿನ ಗಣತಿಯವರೆಗೆ ಕಾಯುವುದಿಲ್ಲ. ಒಂದು ಕಾಯಿಲೆ, ಒಂದು ಬರಗಾಲ ಸಾಕು, ನಿನ್ನೆ ಉಂಡ ಮನೆ ಇಂದು ಉಪವಾಸ ಬೀಳಲು.

ಕೇರಳ 2021ರಲ್ಲಿ ಬೇರೊಂದು ದಾರಿ ಹಿಡಿಯಿತು. ಆಹಾರ, ಆರೋಗ್ಯ, ಆದಾಯ, ವಸತಿ ಎಂಬ ನಾಲ್ಕು ಅಂಶಗಳ ಮೇಲೆ ವಾರ್ಡ್ ಮಟ್ಟದಲ್ಲಿ ಕಡುಬಡವರನ್ನು ಹುಡುಕಿ, ಗ್ರಾಮಸಭೆಯ ಮುಂದಿಟ್ಟು, 64,006 ಕುಟುಂಬಗಳನ್ನು ಗುರುತಿಸಿತು. ಒಂದೊಂದು ಕುಟುಂಬಕ್ಕೂ ಪ್ರತ್ಯೇಕ ಯೋಜನೆ ರೂಪಿಸಿತು. 2025ರ ನವೆಂಬರ್ 1ರಂದು ತಾನು ಕಡುಬಡತನಮುಕ್ತ ರಾಜ್ಯವೆಂದು ಘೋಷಿಸಿಕೊಂಡಿತು. ಆ ಘೋಷಣೆಯನ್ನು ಪ್ರಶ್ನಿಸಿದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಆದರೂ ಬಡವರನ್ನು ಅವರ ನೆರೆಹೊರೆಯ ಕಣ್ಣಿನಿಂದ ನೋಡುವ ಕ್ರಮ ಅನುಕರಣೀಯ.

ಹಾಗೆಂದು ಗ್ರಾಮಸಭೆಯನ್ನು ಕುರುಡಾಗಿ ನಂಬುವಂತಿಲ್ಲ. ಗುಡಿಕಟ್ಟೆಯ ಮುಂದೆ ಸಭೆ ಸೇರಿದರೆ ಗೌಡರ ದನಿಯೇ ಜೋರು. ಕೇರಿಯ ಹೆಂಗಸರು ಹಿಂದೆ ನಿಂತು ಮರಳುತ್ತಾರೆ. ಗುಳೆ ಹೋದವರಂತೂ ಊರಲ್ಲೇ ಇರುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಕೇರಿ ಕೇರಿಗಳಲ್ಲಿ, ಗುಳೆ ಹೋದವರು ಮುಂಗಾರಿಗೆಂದು ಮರಳಿದ ಮೇಲೆ, ಪ್ರತಿ ವರ್ಷವೂ ಓದಬೇಕು. ಯಾರನ್ನು ಕೈಬಿಡಲಾಯಿತು, ಏಕೆ ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ವಾರ್ಡ್ ಸಭೆ ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ.

ಅಂದು ಗ್ರಾಮಸಭೆಯಲ್ಲಿ ನಾನು ಓದಿದ್ದು ಹೆಸರುಗಳನ್ನು ಮಾತ್ರ, ಅಂಕಗಳನ್ನಲ್ಲ. ಓದಿದ್ದರೆ ಆ 4ನ್ನು ಕೇಳಿ ಪಕ್ಕದ ಮನೆಯವರೇ ಎದ್ದುನಿಲ್ಲುತ್ತಿದ್ದರು.