ಇಲಿಯಲ್ಲಿ ಗೆದ್ದ ಗುಳಿಗೆ ಮನುಷ್ಯರಲ್ಲಿ ಯಾಕೆ ಸೋತಿತು?

ನಮ್ಮದು ಅಥಣಿ ತಾಲೂಕಿನ ಐಗಳಿ. ಫೆಬ್ರುವರಿ, ಮಾರ್ಚ್ ಬಂತೆಂದರೆ ನಮ್ಮ ಕಡೆ ಮಣೂಕದ ಶೆಡ್‌ಗಳಲ್ಲಿ ಕೆಲಸವೋ ಕೆಲಸ. ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನಲ್ಲಿ ಕಟ್ಟಿದ ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವರ್ಷಕ್ಕೊಮ್ಮೆ ಈ ಸೀಸನ್ನಿಗೆ ರಜೆ ಹಾಕಿ ಊರಿಗೆ ಹೋಗ್ತೀನಿ.

ನಮ್ಮ ಕಾಕಾ ದ್ರಾಕ್ಷಿಯಲ್ಲಿ ಪಳಗಿದವರು. ಒಂದು ಹಣ್ಣು ಬಾಯಿಗೆ ಹಾಕ್ಕೊಂಡು, ‘ಇನ್ನ ನಾಕ್ ದಿನ ಬಿಡ್ರಿ, ಸಕ್ಕರಿ ತುಂಬಿಲ್ಲ’ ಅಂದರೆ ಮುಗೀತು. ಮೀಟರ್ ಹಿಡಿದು ನೋಡಿದರೂ ಅದೇ ಲೆಕ್ಕ ಬರ್ತಿತ್ತು. ಅಂಥವರು ಎರಡು ವರ್ಷ ಸತತವಾಗಿ ಅಕಾಲಿಕ ಮಳೆಗೆ ಬೆಳೆ ಕಳ್ಕೊಂಡ ಮೇಲೆ ಮೆತ್ತಗಾದರು. ನಿದ್ದೆ ಹೋಯ್ತು, ಊಟ ಕಮ್ಮಿಯಾಯ್ತು, ತೋಟದ ಕಡೆ ಹೋಗೋದೇ ನಿಂತುಹೋಯ್ತು. ದೃಷ್ಟಿ ತೆಗೆಸಿದ್ದಾಯ್ತು, ದೇವರಿಗೆ ಹರಕೆ ಹೊತ್ತಿದ್ದೂ ಆಯ್ತು. ಕೊನೆಗೆ ಮಿರಜಕ್ಕೆ ಕರ್ಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದೆವು. ಖಿನ್ನತೆ ಅಂದರು. ಎಸಿಟಲೋಪ್ರಾಮ್ ಅನ್ನೋ ಗುಳಿಗೆ ಬರೆದುಕೊಟ್ಟರು.

ಗುಳಿಗೆ ಕೆಲಸ ಮಾಡ್ತು. ಎರಡು ತಿಂಗಳಲ್ಲಿ ನಿದ್ದೆ ಬಂತು, ಸುಮ್‌ಸುಮ್ನೆ ಕಣ್ಣೀರು ಬರೋದು ನಿಂತಿತು. ಮನೆಮಂದಿಯೆಲ್ಲ ‘ಆರಾಮ ಆದ್ರು’ ಅಂದ್ರು. ಆದರೆ ಒಂದು ಸಂಜೆ ಶೆಡ್ಡಿನ ಕಟ್ಟೆ ಮೇಲೆ ಕೂತಾಗ ಕಾಕಾ ನನ್ನ ಹತ್ತಿರ ಹೇಳಿದ್ದೇ ಬೇರೆ: ‘ಅಳು ನಿಂತೈತಿ ತಮ್ಮಾ. ಆದರ ಯಾವುದರಾಗೂ ರುಚಿ ಇಲ್ಲ. ದ್ರಾಕ್ಷಿ ಬಾಯಾಗ ಹಾಕ್ಕೊಂಡ್ರ ಸೀ ಐತಿ ಅನ್ನೂದು ಗೊತ್ತಾಗತೈತಿ, ಛಲೋ ಐತಿ ಅಂತ ಅನಸೂದಿಲ್ಲ.’

ಈ ಮಾತಿಗೆ ವೈದ್ಯರ ಭಾಷೆಯಲ್ಲಿ ಒಂದು ಹೆಸರಿದೆ: ಅನ್‌ಹೆಡೋನಿಯಾ. ಖುಷಿ ಅನುಭವಿಸುವ ಶಕ್ತಿಯೇ ಕುಗ್ಗಿಹೋಗುವುದು. ದುಃಖ ಇರೋದು ಬೇರೆ, ಸುಖ ಹತ್ತದೇ ಇರೋದು ಬೇರೆ. ಈಗ ಚಾಲ್ತಿಯಲ್ಲಿರುವ ಖಿನ್ನತೆಯ ಗುಳಿಗೆಗಳು ಮೊದಲನೆಯದನ್ನು ಎಷ್ಟೋ ಜನರಲ್ಲಿ ಇಳಿಸುತ್ತವೆ, ಎರಡನೆಯದು ಹಲವರಲ್ಲಿ ಹಾಗೇ ಉಳಿದುಬಿಡುತ್ತದೆ.

ಬೆಂಗಳೂರಿಗೆ ವಾಪಸ್ ಬಂದು, ನಮ್ಮಂಥವರ ಅಭ್ಯಾಸದಂತೆ ರಾತ್ರಿಯೆಲ್ಲ ಕೂತು ಹುಡುಕಿದೆ. ಆಗ ಸಿಕ್ಕಿದ ಹೆಸರು ಅಟಿಕಾಪ್ರಾಂಟ್. ಖಿನ್ನತೆಯ ಗುಳಿಗೆ ತಗೊಂಡೂ ರುಚಿ ಮರಳದವರಿಗೆಂದೇ, ಹಳೆ ಗುಳಿಗೆಯ ಜೊತೆಗೆ ಕೊಡಲು ಪರೀಕ್ಷೆಯಲ್ಲಿದ್ದ ಹೊಸ ಔಷಧ. ನಮ್ಮ ಕಾಕಾನನ್ನ ನೋಡೇ ಮಾಡಿದ್ದಾರೇನೋ ಅನ್ನಿಸ್ತು.

ಅಫೀಮಿನ ನೆಂಟ, ಆದರೆ ಅಫೀಮಲ್ಲ

ಇದು ಓಪಿಯಾಯ್ಡ್ ಗ್ರಾಹಕಕ್ಕೆ ಸಂಬಂಧಪಟ್ಟ ಔಷಧ. ಓಪಿಯಾಯ್ಡ್ ಅಂದ ಕೂಡಲೇ ಅಫೀಮು, ಮಾರ್ಫಿನ್, ಚಟ ಎಲ್ಲ ನೆನಪಿಗೆ ಬರುತ್ತೆ. ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಮಿದುಳಿನ ಜೀವಕೋಶಗಳ ಮೇಲೆ ಗ್ರಾಹಕಗಳೆಂಬ ಬೀಗಗಳಿವೆ ಅಂದುಕೊಳ್ಳಿ. ದೇಹವೇ ತಯಾರಿಸುವ ರಾಸಾಯನಿಕಗಳು ಅದರ ಕೀಲಿಗಳು. ಓಪಿಯಾಯ್ಡ್ ಬೀಗಗಳಲ್ಲಿ ಮುಖ್ಯವಾಗಿ ಮೂರು ಜಾತಿ: ಮ್ಯೂ, ಡೆಲ್ಟಾ, ಕಪ್ಪಾ. ಇವು ಗ್ರೀಕ್ ಅಕ್ಷರಗಳು. ಕಪ್ಪಾ ಅಂದರೆ ಸಾಮಂತರು ಕೊಡುತ್ತಿದ್ದ ಕಪ್ಪವೂ ಅಲ್ಲ, ಕಪ್ಪು ಬಣ್ಣವೂ ಅಲ್ಲ. ಮಾರ್ಫಿನ್ ತೆರೆಯೋದು ಮ್ಯೂ ಬೀಗವನ್ನು. ಅದು ತೆರೆದರೆ ನೋವು ಇಳಿಯುತ್ತೆ, ಹಿತ ಅನ್ನಿಸುತ್ತೆ, ಅದರಿಂದಲೇ ಚಟವೂ ಹತ್ತುತ್ತೆ. ಕಪ್ಪಾದ ಸ್ವಭಾವ ಉಲ್ಟಾ. ಅದು ತೆರೆದರೂ ನೋವು ಇಳಿಯಬಹುದು, ಆದರೆ ಮನಸ್ಸಿಗೆ ಹಿತ ಆಗೋದಿಲ್ಲ, ಕಸಿವಿಸಿ ಆಗುತ್ತೆ. 1986ರಲ್ಲಿ ಜರ್ಮನಿಯ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಕಪ್ಪಾ ತೆರೆಯುವ ಔಷಧ ಕೊಟ್ಟಾಗ ಅವರಿಗಾದ ಅನುಭವ ಹೀಗೇ ಅಹಿತಕರವಾಗಿತ್ತು.

ಈ ಕಪ್ಪಾ ಬೀಗಕ್ಕೆ ನಮ್ಮ ದೇಹದಲ್ಲೇ ಒಂದು ಕೀಲಿ ಇದೆ: ಡೈನಾರ್ಫಿನ್. 1979ರಲ್ಲಿ ಅಮೆರಿಕದ ವಿಜ್ಞಾನಿ ಅವ್ರಾಮ್ ಗೋಲ್ಡ್‌ಸ್ಟೀನ್ ತಂಡ ಇದನ್ನು ಗುರುತಿಸಿತು. ಶಕ್ತಿ ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಒತ್ತಡ ಜಾಸ್ತಿಯಾದಾಗ ಮಿದುಳಲ್ಲಿ ಡೈನಾರ್ಫಿನ್ ಬಿಡುಗಡೆಯಾಗುತ್ತೆ. ಅದು ಹೋಗಿ ಕಪ್ಪಾ ಬೀಗ ತೆರೆದರೆ, ‘ಇದು ಬೇಕು, ಇದು ಛಲೋ ಐತಿ’ ಅನ್ನುವ ಹುರುಪಿಗೆ ಬೇಕಾದ ಡೋಪಮಿನ್ ಸುರಿಯೋದು ಕಮ್ಮಿಯಾಗುತ್ತೆ. ಒಂಥರಾ ಬ್ರೇಕ್ ಇದ್ದಂತೆ. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಈ ಬ್ರೇಕು ಬಿಡದೆ ಹಿಡಿದುಕೊಂಡಿರಬಹುದು ಅನ್ನೋದು ವಿಜ್ಞಾನಿಗಳ ಊಹೆ.

ಹಾಗಾದರೆ ಕಪ್ಪಾ ಬೀಗದಲ್ಲಿ ಒಂದು ಸುಳ್ಳು ಕೀಲಿ ತುರುಕಿದರೆ? ಸುಳ್ಳು ಕೀಲಿ ಒಳಗೆ ಕೂರುತ್ತೆ, ಆದರೆ ಬೀಗ ತೆರೆಯಲ್ಲ. ನಿಜವಾದ ಕೀಲಿಗೆ ಜಾಗವೇ ಇಲ್ಲ, ಬ್ರೇಕು ಸಡಿಲ. ಅಟಿಕಾಪ್ರಾಂಟ್ ಅಂಥ ಸುಳ್ಳು ಕೀಲಿ. ಅದು ಮಾರ್ಫಿನ್ ಥರ ಏನನ್ನೂ ತೆರೆಯೋದಿಲ್ಲ, ತಡೆಯುತ್ತೆ ಅಷ್ಟೆ.

ಇಲಿಯ ಪರೀಕ್ಷೆ

ಮನುಷ್ಯರಿಗೆ ಕೊಡುವ ಮುಂಚೆ ಯಾವುದೇ ಔಷಧ ಪ್ರಯೋಗಾಲಯದಲ್ಲಿ, ಪ್ರಾಣಿಗಳಲ್ಲಿ ಹಲವು ಪರೀಕ್ಷೆ ದಾಟಬೇಕು. ಇದಕ್ಕೆ ಪ್ರೀಕ್ಲಿನಿಕಲ್ ಹಂತ ಅಂತಾರೆ. ನಮ್ಮಲ್ಲಿ ಕೋಡನ್ನು ಗಿರಾಕಿ ಕೈಗೆ ಕೊಡುವ ಮುಂಚೆ ಟೆಸ್ಟ್ ಮಾಡ್ತೀವಲ್ಲ, ಹಾಗೆ. ಅಲ್ಲಿ ಕೇಳುವ ಪ್ರಶ್ನೆಗಳು ನೇರ: ಕೀಲಿ ಆ ಬೀಗಕ್ಕೆ ಕೂರುತ್ತಾ? ಅದೊಂದಕ್ಕೇ ಕೂರುತ್ತಾ? ಬಾಯಲ್ಲಿ ನುಂಗಿದರೆ ಮಿದುಳು ಮುಟ್ಟುತ್ತಾ? ಮುಟ್ಟಿದರೆ ನಡವಳಿಕೆ ಬದಲಾಗುತ್ತಾ? ಕೆಲಸ ಮುಗಿದ ಮೇಲೆ ದೇಹದಿಂದ ಹೊರಗೆ ಹೋಗುತ್ತಾ?

ಕೊನೆಯ ಪ್ರಶ್ನೆ ಸಣ್ಣದಲ್ಲ. 1987ರಲ್ಲಿ ಬಂದ ನಾರ್-ಬಿಎನ್‌ಐ ಎಂಬ ಕಪ್ಪಾ ತಡೆಯನ್ನು ಪ್ರಾಣಿಗಳಿಗೆ ಒಂದು ಸಲ ಕೊಟ್ಟರೆ ಪರಿಣಾಮ ವಾರಗಟ್ಟಲೆ ಇರುತ್ತಿತ್ತು. ಏನಾದರೂ ಎಡವಟ್ಟಾದರೆ ನಿಲ್ಲಿಸೋದು ಹೇಗೆ? ಅದೇ ಸ್ವಭಾವದ ಜೆಡಿಟಿಕ್ ಎಂಬ ಇನ್ನೊಂದು ಔಷಧ ಮನುಷ್ಯರ ಮೊದಲ ಹಂತದ ಪರೀಕ್ಷೆಗೆ ಬಂತು. ಕೆಲವರ ಹೃದಯ ಬಡಿತದಲ್ಲಿ ಏರುಪೇರು ಕಂಡಿದ್ದರಿಂದ ಅಲ್ಲಿಗೇ ನಿಂತಿತು.

ಅಮೆರಿಕದ ಎಲಿ ಲಿಲ್ಲಿ ಕಂಪನಿಯವರು ಹುಡುಕಿದ ಅಟಿಕಾಪ್ರಾಂಟ್ ಈ ಎಲ್ಲ ಪ್ರಶ್ನೆಗಳಿಗೂ ಒಳ್ಳೆ ಉತ್ತರ ಕೊಟ್ಟಿತ್ತು. 2014ರಲ್ಲಿ ಪ್ರಕಟವಾದ ಅವರ ವರದಿ ಪ್ರಕಾರ ಅದು ಮ್ಯೂ ಬೀಗಕ್ಕಿಂತ ಸುಮಾರು 30 ಪಟ್ಟು ಬಿಗಿಯಾಗಿ ಕಪ್ಪಾ ಬೀಗ ಹಿಡಿಯುತ್ತಿತ್ತು. ಬಾಯಲ್ಲಿ ಕೊಟ್ಟರೆ ಮಿದುಳು ತಲುಪುತ್ತಿತ್ತು. ಹಳೆಯವುಗಳ ಹಾಗೆ ವಾರಗಟ್ಟಲೆ ಬೀಗದಲ್ಲೇ ಕೂತಿರುತ್ತಿರಲಿಲ್ಲ.

ನಡವಳಿಕೆಯ ಪರೀಕ್ಷೆ ಹೇಗೆ ಗೊತ್ತಾ? 1977ರಲ್ಲಿ ಪೋರ್ಸೋಲ್ಟ್ ಎಂಬ ವಿಜ್ಞಾನಿ ಪರಿಚಯಿಸಿದ ಈಜಿನ ಪರೀಕ್ಷೆ. ನೀರು ತುಂಬಿದ ಗಾಜಿನ ಜಾಡಿಗೆ ಇಲಿ ಬಿಡುತ್ತಾರೆ. ಹತ್ತಿ ಬರೋಕೆ ದಾರಿ ಇಲ್ಲ. ಇಲಿ ಸ್ವಲ್ಪ ಹೊತ್ತು ಕೈಕಾಲು ಬಡಿದು, ಆಮೇಲೆ ಸುಮ್ಮನೆ ತೇಲುತ್ತೆ. ಖಿನ್ನತೆಯ ಔಷಧ ಕೊಟ್ಟ ಇಲಿ ಇನ್ನೂ ಹೆಚ್ಚು ಹೊತ್ತು ಈಜುತ್ತೆ. ಅಟಿಕಾಪ್ರಾಂಟ್ ಕೊಟ್ಟ ಇಲಿಗಳೂ ಹೆಚ್ಚು ಈಜಿದವು. ಹಳೆ ಔಷಧಗಳಾದ ಇಮಿಪ್ರಮಿನ್, ಸಿಟಲೋಪ್ರಾಮ್ ಜೊತೆ ಕೊಟ್ಟರೆ ಅವುಗಳ ಪರಿಣಾಮವನ್ನೂ ಹೆಚ್ಚಿಸಿತು. ಕಾಕಾ ತಗೊಳ್ಳುವ ಎಸಿಟಲೋಪ್ರಾಮ್ ಈ ಸಿಟಲೋಪ್ರಾಮ್‌ನ ಒಡಹುಟ್ಟು. ನನ್ನ ಆಸೆ ಚಿಗುರಿದ್ದು ಈ ಸಾಲು ಓದಿದಾಗಲೇ.

ಇಂಥ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು ಇಲಿಮರಿಗಳಿಗೆ 8ನೇ ದಿನದಿಂದ 21ನೇ ದಿನದವರೆಗೆ ಕ್ಲೋಮಿಪ್ರಮಿನ್ ಕೊಟ್ಟು, ಅವು ದೊಡ್ಡವಾದ ಮೇಲೆ ಖಿನ್ನತೆಯಂಥ ಲಕ್ಷಣ ತೋರಿಸುವುದನ್ನು ಅಧ್ಯಯನ ಮಾಡಿದರು. ಕ್ಲೋಮಿಪ್ರಮಿನ್ ಅನ್ನೋದು ದೊಡ್ಡವರಲ್ಲಿ ಖಿನ್ನತೆಗೇ ಕೊಡುವ ಔಷಧ, ಎಳೆಯ ಮಿದುಳಿಗೆ ಕೊಟ್ಟರೆ ಫಲ ಉಲ್ಟಾ. ಆ ಇಲಿಗಳ ಕಲಿಕೆಯೂ ಕುಂಠಿತವಾಗಿತ್ತು. ಎಸಿಟಲೋಪ್ರಾಮ್ ಕೊಟ್ಟಾಗ ಕಲಿಯುವ ಶಕ್ತಿ ಮರಳಿತು ಅಂತ 2011ರಲ್ಲಿ ಅವರು ವರದಿ ಮಾಡಿದರು. ಅಂದರೆ ಕಾಕಾನ ಅಂಗಿ ಜೇಬಲ್ಲಿರುವ ಗುಳಿಗೆಯ ಬಗ್ಗೆ ಬೆಂಗಳೂರಿನ ಇಲಿಗಳೂ ಸಾಕ್ಷಿ ಹೇಳಿವೆ.

ಮಾರ್ಚ್ ತಿಂಗಳ ಸುದ್ದಿ

ಅಟಿಕಾಪ್ರಾಂಟ್ ಕೈಯಿಂದ ಕೈಗೆ ಹೋಗಿ ಕೊನೆಗೆ ಜಾನ್ಸನ್ ಅಂಡ್ ಜಾನ್ಸನ್ ಪಾಲಾಯಿತು. 2020ರಲ್ಲಿ ಒಂದು ಆಶಾದಾಯಕ ವರದಿ ಬಂತು. ಸುಖ ಹತ್ತದ ನೂರಕ್ಕಿಂತ ಕಮ್ಮಿ ಜನರಲ್ಲಿ ಕೆಲವರಿಗೆ ಎಂಟು ವಾರ ಈ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟಿದ್ದರು. ಹಣ ಗೆಲ್ಲುವ ಆಟ ಆಡಿಸುತ್ತಾ ಮಿದುಳಿನ ಸ್ಕ್ಯಾನ್ ಮಾಡಿದರೆ, ಗುಳಿಗೆ ತಗೊಂಡವರಲ್ಲಿ ‘ಸಿಗಬಹುದು’ ಎಂಬ ನಿರೀಕ್ಷೆಗೆ ಮಿಡಿಯುವ ಭಾಗ ಹೆಚ್ಚು ಚುರುಕಾಗಿತ್ತು. ಬ್ರೇಕು ಸಡಿಲಾದ ಹಾಗೇ ಕಂಡಿತ್ತು.

ಮುಂದೆ ದೊಡ್ಡ ಪರೀಕ್ಷೆ. 2025ರ ಮಾರ್ಚ್‌ನಲ್ಲಿ ನಾನು ಐಗಳಿಯಲ್ಲಿದ್ದೆ. ಶೆಡ್ಡಿನಲ್ಲಿ ಮಣೂಕ ಉದುರಿಸುವ ಕೆಲಸ ನಡೆದಿತ್ತು. ಮೊಬೈಲಲ್ಲಿ ಸುದ್ದಿ ನೋಡಿದೆ: ಅಟಿಕಾಪ್ರಾಂಟ್‌ನ ಮೂರನೇ ಹಂತದ ಪರೀಕ್ಷೆ ನಿಲ್ಲಿಸಲಾಗಿದೆ. ಔಷಧ ಸುರಕ್ಷಿತ, ಆದರೆ ಸಾಕಷ್ಟು ಪರಿಣಾಮ ಕಾಣಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಇದೇ ಬಗೆಯ ಇನ್ನೊಂದು ಔಷಧ ನವಕಾಪ್ರಾಂಟ್ ಕೂಡ ದೊಡ್ಡ ಪರೀಕ್ಷೆಯೊಂದರಲ್ಲಿ ಗುರಿ ಮುಟ್ಟಿರಲಿಲ್ಲ.

ಮನಸ್ಸಿಗೆ ಪಿಚ್ಚೆನಿಸಿತು. ನಮ್ಮ ಆಫೀಸಲ್ಲಿ ಒಂದು ಹಳೆ ಜೋಕಿದೆ. ಗಿರಾಕಿ ‘ನಿಮ್ಮ ಸಾಫ್ಟ್‌ವೇರ್ ಓಡ್ತಿಲ್ಲ’ ಅಂದರೆ, ‘ನನ್ನ ಲ್ಯಾಪ್‌ಟಾಪಲ್ಲಿ ಓಡುತ್ತಲ್ಲ ಸಾರ್’ ಅನ್ನೋದು. ಇಲ್ಲೂ ಹಾಗೇ ಆಯ್ತಾ?

ಯೋಚಿಸಿದರೆ ಕಾರಣಗಳು ಹಲವು ಇರಬಹುದು. ಖಿನ್ನತೆ ಅನ್ನೋದು ಒಂದೇ ಕಾಯಿಲೆಯಲ್ಲ, ಒಂದೇ ಹೆಸರಿನ ಕೆಳಗೆ ಕೂತ ಹಲವು ಕಾಯಿಲೆಗಳು. ಎಲ್ಲರಲ್ಲೂ ಸಿಕ್ಕಿಬಿದ್ದಿರೋದು ಕಪ್ಪಾ ಬ್ರೇಕೇ ಅಂತಿಲ್ಲ. ಇನ್ನು, ಇಂಥ ಪರೀಕ್ಷೆಗಳಲ್ಲಿ ಹುಸಿ ಗುಳಿಗೆ ತಗೊಂಡವರಲ್ಲೂ ಸುಮಾರು ಮೂರನೇ ಒಂದು ಪಾಲು ಜನ ಚೇತರಿಸಿಕೊಳ್ಳುವುದುಂಟು. ವಾರ ವಾರ ಯಾರೋ ಕರೆದು, ಕೂರಿಸಿ, ‘ಹೇಗಿದ್ದೀರಿ’ ಅಂತ ಕೇಳೋದೇ ಅರ್ಧ ಔಷಧ. ಅದನ್ನೂ ಮೀರಿ ಗೆಲ್ಲಬೇಕು ಹೊಸ ಗುಳಿಗೆ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಇಲಿ ಎಷ್ಟು ಹೊತ್ತು ಈಜಿತು ಅಂತ ಗಡಿಯಾರ ಹಿಡಿದು ಅಳೆಯಬಹುದು. ಸಕ್ಕರೆ ನೀರು ಎಷ್ಟು ಕುಡಿಯಿತು ಅಂತಲೂ ಅಳೆಯಬಹುದು. ‘ಸೀ ಐತಿ, ಛಲೋ ಅನಸೂದಿಲ್ಲ’ ಅಂತ ಅದು ಹೇಳಲಾರದು. ತೇಲುತ್ತಾ ನಿಂತ ಇಲಿ ಆಸೆ ಬಿಟ್ಟಿದೆಯೋ, ಸುಮ್ಮನೆ ಶಕ್ತಿ ಉಳಿಸಿಕೊಳ್ಳುತ್ತಿದೆಯೋ ಅನ್ನುವ ವಾದ ವಿಜ್ಞಾನಿಗಳಲ್ಲೇ ಇನ್ನೂ ಇದೆ.

ಹೇಳಬಲ್ಲವರನ್ನು ಕೇಳಿದೆವಾ?

ಆ ಸಂಜೆ ಕಾಕಾಗೆ ಹೇಳಿದೆ, ‘ಆ ಹೊಸಾ ಗುಳಿಗಿ ಬರೂದಿಲ್ಲ ಕಾಕಾ. ಇಲಿಗೆ ನಡೀತು, ಮಂದಿಗೆ ನಡೀಲಿಲ್ಲ.’

ಕಾಕಾ ಒಂದು ಗಳಿಗೆ ಸುಮ್ಮನಿದ್ದು, ‘ಇಲಿಗರೆ ಆರಾಮ ಆತಲ್ಲ, ಬಿಡು’ ಅಂದರು.

ನಗು ಬಂತು. ಆಮೇಲೆ ಕೇಳಿದೆ, ‘ರುಚಿ ಹತ್ತವಲ್ದು ಅಂತ ಡಾಕ್ಟರ್‌ಗೆ ಹೇಳಿ ಏನು?’

‘ಅವರು ನಿದ್ದಿ ಬರತೈತೇನು, ಊಟಾ ಮಾಡ್ತೀರೇನು ಅಂತ ಕೇಳಿದ್ರು. ಹೂಂ ಅಂದೆ. ಇಂಥಾದ್ದೆಲ್ಲ ಏನ್ ಹೇಳೂದು ಅವರ ಮುಂದ?’

ನನಗೆ ನಾಚಿಕೆಯಾಯ್ತು. ಇಲಿ ಮಾತಾಡಲ್ಲ ಅಂತ ವಿಜ್ಞಾನವನ್ನು ದೂರುತ್ತಿದ್ದೆ. ಇಲ್ಲಿ ಮಾತು ಬರುವ ಮನುಷ್ಯ ನನಗೆ ಹೇಳಿದ ಒಂದು ವಾಕ್ಯವನ್ನು ವೈದ್ಯರ ತನಕ ಮುಟ್ಟಿಸಿರಲಿಲ್ಲ. ರಾತ್ರಿಯೆಲ್ಲ ಕೂತು ಅಮೆರಿಕದ ಔಷಧ ಹುಡುಕಿದವನಿಗೆ ಮಿರಜದ ದಾರಿ ದೂರವಾಗಿತ್ತು.

ಮುಂದಿನ ವಾರ ಜೊತೆಗೇ ಹೋದೆ. ಕಾಕಾ ಅದೇ ಮಾತು ಅದೇ ರೀತಿ ಹೇಳಿದರು. ವೈದ್ಯರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಗುಳಿಗೆಯಲ್ಲಿ ಬದಲಾವಣೆ ಮಾಡಿದರು. ಜೊತೆಗೆ, ಮನಸ್ಸು ಬರಲಿ ಬಿಡಲಿ, ದಿನಾ ಬೆಳಿಗ್ಗೆ ಒಂದು ತಾಸು ತೋಟದಲ್ಲಿ ಒಂದು ನಿಗದಿ ಕೆಲಸ ಮಾಡಲೇಬೇಕು ಅಂದರು. ಹುರುಪು ಬಂದ ಮೇಲೆ ಕೆಲಸ ಅಂತ ಕಾಯಬೇಡಿ, ಕೆಲಸದ ಹಿಂದೆ ಹುರುಪು ಬರಬಹುದು ಅನ್ನೋದು ಅವರ ಮಾತು.

ಪವಾಡ ಏನೂ ಆಗಲಿಲ್ಲ. ಅಕ್ಟೋಬರ್ ಚಾಟ್ನಿ ಹೊತ್ತಿಗೆ ಕಾಕು ಫೋನ್ ಮಾಡಿ ಹೇಳಿದರು: ‘ಇವತ್ತ ಆಳಿನ ಕೈಯಾಗಿನ ಕತ್ತರಿ ಕಸಗೊಂಡು ಹಿಂಗಲ್ಲೋ ಹಂಗ ಅಂತ ಬೈದಾರ ನೋಡಪಾ.’ ಬೈದ ಸುದ್ದಿ ಹೇಳುವಾಗ ಅವರ ದನಿ ನಗುತ್ತಿತ್ತು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 20 ವಯಸ್ಕರಲ್ಲಿ ಒಬ್ಬರಿಗೆ ಖಿನ್ನತೆ ಕಾಡಿದೆ. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ತನಕ ಬರುವುದೇ ಇಲ್ಲ. ಬಂದವರೂ ಎಲ್ಲ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಗುಳಿಗೆ ತಗೊಳ್ಳುತ್ತಿದ್ದರೆ ‘ಆರಾಮ ಅದೀರೇನು’ ಅಂತ ಕೇಳಿ ಸುಮ್ಮನಾಗಬೇಡಿ. ಯಾವುದರಲ್ಲಿ ರುಚಿ ಹತ್ತುತ್ತಿದೆ, ಯಾವುದರಲ್ಲಿ ಇಲ್ಲ ಅಂತ ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಲ್ಲಿ ವೈದ್ಯರಿಗೆ ಹೇಳಲು ಜೊತೆಗೆ ಹೋಗಿ. ಈ ಗುಳಿಗೆಗಳ ಪರಿಣಾಮ ಕಾಣಲು ಕೆಲವು ವಾರ ಬೇಕು. ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಬಾರದು. ತಕ್ಷಣ ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕಪ್ಪಾ ಬೀಗದ ಸಂಶೋಧನೆ ಇಲ್ಲಿಗೇ ಮುಗಿಯಿತು ಅಂತಲ್ಲ. ಮುಂದೊಂದು ದಿನ ಸರಿಯಾದ ಕೀಲಿ, ಸರಿಯಾದ ರೋಗಿಗೆ ಸಿಗಬಹುದು. ಅಲ್ಲಿಯವರೆಗೆ ಕಾಕಾ ಬೆಳಿಗ್ಗೆ ಒಂದು ತಾಸು ತೋಟಕ್ಕೆ ಹೋಗ್ತಾರೆ. ಈ ಸಲ ಹಣ್ಣು ಬಂದಾಗ ಮೀಟರ್ ಹಿಡಿಯುವ ಮುಂಚೆ ಅವರ ಬಾಯಿಗೇ ಒಂದು ಕೊಟ್ಟು ಕೇಳಬೇಕು ಅಂದುಕೊಂಡಿದ್ದೀನಿ.