ಕಿತ್ತಳೆ ತೋಟಕ್ಕೆ ಚಗಳಿ ಕಾವಲು?

ನಾಗಪುರ ಸುತ್ತಲಿನ ಕಿತ್ತಳೆ ಬೆಳೆಗಾರರಿಗೆ ‘ಕೋಳಶಿ’ ಎಂಬ ಹೆಸರೇ ತಲೆನೋವು. ಎಲೆಯಡಿ ಕೂತ ಕಪ್ಪುನೊಣದ ಮರಿಗಳು ರಸ ಹೀರಿ, ಸಿಹಿಯಾದ ಅಂಟನ್ನು ಸುರಿಸುತ್ತವೆ. ಅದರ ಮೇಲೆ ಮಸಿಯಂಥ ಬೂಷ್ಟು ಬೆಳೆದು ಎಲೆ, ಹಣ್ಣು ಎರಡೂ ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕಪ್ಪಾಗುತ್ತವೆ. ಔಷಧ ಹೊಡೆಯುವ ಬದಲು ಇರುವೆ ಬಿಟ್ಟರೆ?

ಇದು ಹಳೆಯ ಉಪಾಯ. ಕ್ರಿ.ಶ. 304ರದೆಂದು ಹೇಳಲಾಗುವ, ಚೀನಾದ ಜೀ ಹಾನ್‌ನ ಸಸ್ಯಗ್ರಂಥದಲ್ಲಿ, ದಕ್ಷಿಣದ ಜನ ಇರುವೆಗೂಡುಗಳನ್ನು ಚಾಪೆಚೀಲದಲ್ಲಿ ತುಂಬಿ ಸಂತೆಯಲ್ಲಿ ಮಾರುತ್ತಿದ್ದ ವಿವರವಿದೆ. ಆ ಇರುವೆಗಳಿಲ್ಲದ ಕಿತ್ತಳೆ ಮರದಲ್ಲಿ ಹುಳುಕಿಲ್ಲದ ಹಣ್ಣೇ ಸಿಗದು ಎನ್ನುತ್ತದೆ ಗ್ರಂಥ. ಮುಂದೆ ಚೀನೀಯರು ಮರದಿಂದ ಮರಕ್ಕೆ ಬಿದಿರಿನ ಸೇತುವೆಯನ್ನೂ ಕಟ್ಟಿಕೊಟ್ಟರು.

ಚೀನೀಯರ ಈ ಕಾವಲುಗಾರ ನಮಗೆ ಹೊಸಬನಲ್ಲ. ಮಲೆನಾಡಿನಲ್ಲಿ ಚಟ್ನಿಗೂ ಒದಗುವ ಚಗಳಿಯೇ ಅದು. ತನ್ನ ಮರಿಹುಳುವನ್ನು ಲಾಳಿಯಂತೆ ಬಾಯಲ್ಲಿ ಹಿಡಿದು ಅತ್ತಿತ್ತ ಆಡಿಸಿ, ಅದು ಬಿಡುವ ರೇಷ್ಮೆಯಿಂದ ಎಲೆಗಳನ್ನು ಜೋಡಿಸಿ ಗೂಡು ಕಟ್ಟುತ್ತದೆ. ಒಂದೇ ಸಂಸಾರ ಹಲವು ಮರಗಳಿಗೆ ಹಬ್ಬುತ್ತದೆ. ಪಕ್ಕದ ಸಂಸಾರದೊಡನೆ ಮಾತ್ರ ಬದ್ಧವೈರ.

ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು ಗೇರಿನ ಚಿಗುರು, ಹೂಗೊಂಚಲುಗಳನ್ನು ಒಣಗಿಸುವ ‘ಟೀ ಸೊಳ್ಳೆ’ ಎಂಬ ಕೀಟದ ವಿರುದ್ಧ ಚಗಳಿಯನ್ನು ಪರೀಕ್ಷಿಸಿದ್ದಾರೆ. ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ರೆನ್‌ಕಾಂಗ್ ಪೆಂಗ್ ಮತ್ತು ಕೀತ್ ಕ್ರಿಶ್ಚಿಯನ್ ಇದೇ ದಾರಿ ಹಿಡಿದರು. ಎರಡು ಸಂಸಾರಗಳ ಗಡಿಯಲ್ಲಿ ತಾಗುವ ಕೊಂಬೆಗಳನ್ನು ಕತ್ತರಿಸಿ, ಒಳಜಗಳದಲ್ಲಿ ಕಾವಲು ಕೆಡದಂತೆ ನೋಡಿಕೊಂಡರು. ಗೇರಿಗೆ ಇನ್ನೊಂದು ಅನುಕೂಲವೂ ಇದೆ: ಬೀಜವನ್ನು ನೆಲದಿಂದ ಆಯ್ದುಕೊಳ್ಳಬಹುದು. ಕಿತ್ತಳೆಯನ್ನು ಕೈಯಿಂದಲೇ ಕೀಳಬೇಕು. ಚಗಳಿ ಕಚ್ಚಿ, ಗಾಯಕ್ಕೆ ಆಮ್ಲ ಚಿಮ್ಮಿಸಿದರೆ ಏಣಿ ಹತ್ತುವ ಕೂಲಿಗಳು ಯಾರು?

ಬೇಟೆಯಾಡದೆಯೂ ಇರುವೆ ಕೆಲಸ ಮಾಡುತ್ತದೆ. ಪಶ್ಚಿಮ ಆಫ್ರಿಕಾದ ಬೆನಿನ್‌ನಲ್ಲಿ ಚಗಳಿಯ ಸೋದರ ಜಾತಿಯೊಂದು ಓಡಾಡಿದ ಮಾವಿನಹಣ್ಣಿನಲ್ಲಿ ಮೊಟ್ಟೆಯಿಡಲು ಹಣ್ಣುನೊಣ ಹಿಂಜರಿಯಿತು.

ಆದರೆ ನಾಗಪುರದ ತೊಡಕು ಆ ಸಿಹಿ ಅಂಟಿನಲ್ಲೇ ಇದೆ. ನಿಂಬೆ ಚಿಟ್ಟೆಯ ಹುಳು ಸಿಕ್ಕರೆ ಚಗಳಿ ಹರಿದು ತಿಂದೀತು. ಅಂಟು ಸುರಿಸುವ ಕೀಟವನ್ನು ಮಾತ್ರ ಹಸುವಿನಂತೆ ಸಾಕಿಕೊಳ್ಳುವುದು ಇರುವೆಗಳ ಹಳೆಯ ಚಾಳಿ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ ಅರ್ಜೆಂಟೀನಾ ಇರುವೆ, ಹಸಿರು ರೋಗ ಹರಡುವ ಸಿಲ್ಲಾ ಕೀಟಕ್ಕೆ ಕಾವಲು ನಿಂತು, ಅದನ್ನು ಕೊಲ್ಲಲು ಬಿಟ್ಟ ಪುಟ್ಟ ಕಣಜಗಳನ್ನು ಓಡಿಸುತ್ತದೆ. ಅಲ್ಲಿನ ವಿಜ್ಞಾನಿಗಳು ಸಕ್ಕರೆ ನೀರಿಗೆ ಚಿಟಿಕೆ ವಿಷ ಬೆರೆಸಿ, ಇರುವೆಗಳಿಗೇ ಉಣಿಸುವ ಪ್ರಯೋಗ ನಡೆಸಿದ್ದಾರೆ.